ಧ್ವನಿಮುದ್ರಿಕೆ ಇರುವಾಗ ಹಿರಿಯರೇಕೆ ಊದಬೇಕು?

ಪತ್ರ: ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಟ್ರಂಪೆಟ್ ವಾದಕ ಲಯೊನೆಲ್ ಫೆರ್ಬೋಸ್ ನೂರು ದಾಟಿದ ಮೇಲೂ ನುಡಿಸುತ್ತಿದ್ದುದನ್ನು ಕಳೆದ ಸಂಚಿಕೆಯಲ್ಲಿ ಕೊಂಡಾಡಿದ್ದೀರಿ. ಅಷ್ಟು ವಯಸ್ಸಾದವರಿಂದ ಅವೇ ಹಳೆಯ ಹಾಡುಗಳನ್ನು ಊದಿಸುವುದು ಸರಿಯೇ? ಆ ಊರಿನ ಹಳೆಯ ಜಾಸ್ ಸಂಗೀತ ಎಲ್ಲವೂ ಮೊಬೈಲ್‌ನಲ್ಲಿ ಸಿಗುತ್ತದೆ. ಹಿರಿಯರು ವಿಶ್ರಾಂತಿ ಪಡೆಯಲಿ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ಹಿರಿಯರ ಮೇಲಿನ ಕಾಳಜಿ ಇದೆ, ಸಂತೋಷ. ಧ್ವನಿಮುದ್ರಿಕೆಗಳ ಉಪಕಾರವೂ ದೊಡ್ಡದು. ಅವಿಲ್ಲದಿದ್ದರೆ ಆ ಊರಿನ ಸಂಗೀತ ನನ್ನ ಕಿವಿಗೇ ಬೀಳುತ್ತಿರಲಿಲ್ಲ. ಆದರೆ ‘ಎಲ್ಲವೂ ಸಿಗುತ್ತದೆ’ ಎಂದಿರಲ್ಲ, ಆ ಮಾತನ್ನು ಒಪ್ಪಲಾರೆ. ಇಷ್ಟು ಓದಿಕೊಂಡ ನೀವು ಇದನ್ನು ಬರೆಯಬಾರದಿತ್ತು.

ಜಾಸ್‌ಗೆ ಮೊದಲಿಗರೆಂದು ಆ ಊರು ನೆನೆಯುವ ಬಡ್ಡಿ ಬೋಲ್ಡನ್ ಅವರ ಕಾರ್ನೆಟ್ (ಟ್ರಂಪೆಟ್‌ನಂಥ ಊದುವ ವಾದ್ಯ) ವಾದನದ ಒಂದೇ ಒಂದು ಮುದ್ರಿಕೆಯೂ ಇಂದು ನಮಗೆ ಸಿಕ್ಕುವುದಿಲ್ಲ. 1907ರಲ್ಲಿ ಮಾನಸಿಕ ಆಸ್ಪತ್ರೆ ಸೇರಿದ ಅವರು 1931ರಲ್ಲಿ ಅಲ್ಲಿಯೇ ತೀರಿಕೊಂಡರು. ಮೊದಲ ಜಾಸ್ ತಟ್ಟೆ ಮಾರುಕಟ್ಟೆಗೆ ಬಂದದ್ದು 1917ರಲ್ಲಿ. ಆಗ ಮುದ್ರಣಕ್ಕೆ ಮೈಕ್ ಇರಲಿಲ್ಲ, ದೊಡ್ಡದೊಂದು ಕಹಳೆಯ ಬಾಯಿಗೆ ಎದುರಾಗಿ ನಿಂತು ನುಡಿಸಬೇಕಿತ್ತು. ದೊಡ್ಡ ಡ್ರಮ್ಮನ್ನು ಮನಸಾರೆ ಬಾರಿಸಿದರೆ ಮೇಣದ ಮೇಲೆ ಗೆರೆ ಕೊರೆಯುವ ಸೂಜಿ ನೆಗೆದುಬಿಡುತ್ತಿತ್ತು. ಅದಕ್ಕಾಗಿ ಎಷ್ಟೋ ಸಲ ಡ್ರಮ್ ಬದಿಗಿಟ್ಟು ಮರದ ತುಂಡನ್ನು ತಟ್ಟುತ್ತಿದ್ದರು. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ, ಅಷ್ಟರಲ್ಲಿ ಮುಗಿಸಬೇಕು. ನಿಮ್ಮ ಮೊಬೈಲ್‌ನಲ್ಲಿ ಇರುವ ಆ ಕಾಲದ ಜಾಸ್, ಸೂಜಿಗೆ ಹೆದರಿ ನುಡಿಸಿದ ಜಾಸ್.

ಕುಣಿಯುವವರ ಎದುರಿಗೆ, ಶವಯಾತ್ರೆಯ ಬೀದಿಯಲ್ಲಿ ಹೆದರಿಕೆಯಿಲ್ಲದೆ ನುಡಿಸಿದ್ದು ಉಳಿದದ್ದು ಪಕ್ಕದ ಕುರ್ಚಿಯಲ್ಲಿ ಕುಳಿತು ಕಲಿತವರಿಂದ. ಟ್ರಂಪೆಟ್ ಹಾಡಿನ ಧಾಟಿಯನ್ನು ಹಿಡಿದು ನಡೆಯುತ್ತದೆ. ಕ್ಲಾರಿನೆಟ್ ಅದರ ಸುತ್ತ ಬಳ್ಳಿಯಂತೆ ಹಬ್ಬುತ್ತದೆ. ಟ್ರೊಂಬೋನ್ ಕೆಳಗಿನಿಂದ ಹೆಗಲು ಕೊಡುತ್ತದೆ. ಮೂವರೂ ಒಟ್ಟಿಗೆ ನುಡಿಸುತ್ತಾರೆ, ಆದರೂ ಒಬ್ಬರ ಕಾಲನ್ನು ಒಬ್ಬರು ತುಳಿಯುವುದಿಲ್ಲ. ಎಲ್ಲಿ ಜಾಗ ಬಿಡಬೇಕು, ಎಲ್ಲಿ ನುಗ್ಗಬೇಕು ಎಂಬುದು ಹಿರಿಯರ ಉಸಿರಾಟವನ್ನು ಮಗ್ಗುಲಲ್ಲೇ ಕುಳಿತು ಕೇಳಿದವರಿಗೆ ಗೊತ್ತಾಗುವ ಸಂಗತಿ.

ಫೆರ್ಬೋಸ್ ಹುಟ್ಟಿದ್ದು 1911ರಲ್ಲಿ. ಬಾಲ್ಯದಲ್ಲಿ ಅಸ್ತಮಾ ಇತ್ತು. ಹೆಣ್ಣುಮಕ್ಕಳೇ ತುಂಬಿದ್ದ ವಾದ್ಯವೃಂದವೊಂದನ್ನು ಹದಿಹರೆಯದಲ್ಲಿ ಕಂಡು, ಅವರು ಊದುವುದಾದರೆ ನಾನೇಕೆ ಊದಬಾರದು ಎಂದು ಟ್ರಂಪೆಟ್ ಹಿಡಿದರು. ಹೊಟ್ಟೆಪಾಡಿಗೆ ತಗಡಿನ ಕೆಲಸ. ಅಬ್ಬರವಿಲ್ಲ, ಸರ್ಕಸ್ ಇಲ್ಲ, ಹಾಡಿನ ಧಾಟಿಯನ್ನು ಕೆಡಿಸದೆ ತಿಳಿಯಾಗಿ ನುಡಿಸುವುದು ಅವರ ರೀತಿ. ಪಾಮ್ ಕೋರ್ಟ್ ಜಾಸ್ ಕೆಫೆಯಲ್ಲಿ ನೂರು ದಾಟಿದ ಮೇಲೂ ಶನಿವಾರದ ರಾತ್ರಿಗಳಂದು ನುಡಿಸಿದರು, ಹಾಡಿದರು. 2014ರ ಜುಲೈನಲ್ಲಿ, 103 ತುಂಬಿದ ಎರಡೇ ದಿನಕ್ಕೆ ತೀರಿಕೊಂಡರು. ಇವರಿಗೆ ವಿಶ್ರಾಂತಿ ಕೊಡಲು ನಾವು ಯಾರು?

ಅದೇ ಊರಿನ ಪಿಯಾನೊ ವಾದಕಿ ಸ್ವೀಟ್ ಎಮ್ಮಾ ಬ್ಯಾರೆಟ್‌ಗೆ 1967ರಲ್ಲಿ ಪಾರ್ಶ್ವವಾಯು ಬಡಿದು ಎಡಗೈ ಬಿದ್ದುಹೋಯಿತು. ಬಲಗೈ ಇತ್ತಲ್ಲ, ಅದೊಂದರಲ್ಲೇ ನುಡಿಸಿದರು. 1961ರಲ್ಲಿ ಆರಂಭವಾದ ಪ್ರಿಸರ್ವೇಶನ್ ಹಾಲ್ ಇಂಥ ಹಿರಿಯರಿಗೆ ಕೊಟ್ಟದ್ದು ಬರಿಯ ಬೆಂಚುಗಳಿದ್ದ ಒಂದು ಹಳೆಯ ಕೋಣೆ, ಜೊತೆಗೆ ಪ್ರತಿ ರಾತ್ರಿಯೂ ಕೇಳಲು ಬರುವ ಜನ. ಅವರಿಗೆ ಬೇಕಿದ್ದುದೂ ಅದೇ.

ನಮ್ಮಲ್ಲಿ ಹಾಗಿಲ್ಲ ಎಂಬ ಸಂಕಟದಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಮಗೆ ಸನ್ಮಾನ ಮಾಡಲು ಬರುತ್ತದೆ, ಕೇಳಲು ಬರುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ಎಂಬತ್ತು ದಾಟಿದ ಕ್ಲಾರಿಯೊನೆಟ್ ವಾದಕರೊಬ್ಬರನ್ನು ಕರೆಸಿದ್ದರು. ನಾನೂ ವೇದಿಕೆಯಲ್ಲಿದ್ದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಆರು ಜನರ ಭಾಷಣ. ಅವರ ಪೆಟ್ಟಿಗೆ ಕುರ್ಚಿಯ ಕೆಳಗೆ, ಎರಡು ಪಾದಗಳ ನಡುವೆ ಇತ್ತು. ಹಿರಿಯರು ಯಾಕೆ ತುಟಿ ಬಿಚ್ಚುತ್ತಿಲ್ಲ ಎಂದು ನನಗೆ ಅರ್ಥವಾಗಲಿಲ್ಲ. ಕೊನೆಗೆ ‘ಎರಡು ಮಾತು’ ಆಡಲು ಮೈಕ್ ಕೊಟ್ಟರು. ಅಷ್ಟು ಹೊತ್ತೂ ನೆನೆಯಲೆಂದು ಬಾಯಲ್ಲಿ ಇಟ್ಟುಕೊಂಡಿದ್ದ ವಾದ್ಯದ ರೀಡನ್ನು, ಊದಿದರೆ ದನಿ ಕೊಡುವ ಆ ತೆಳು ಪಟ್ಟಿಯನ್ನು, ಅವರು ಹೊರತೆಗೆದು, ಕರವಸ್ತ್ರದಲ್ಲಿ ಸುತ್ತಿ, ಜೇಬಿಗೆ ಹಾಕಿಕೊಂಡು ‘ಎಲ್ಲರಿಗೂ ನಮಸ್ಕಾರ’ ಎಂದರು.