ಒಣ ಪ್ರದೇಶದ ಹೊಳೆ-ಕೆರೆಗಳ ನೀರಿನ ನಿರ್ವಹಣೆಗೆ ಮಾಡೆಲ್ ಮಾಡಲು ಸ್ವಾಟ್ ಒಳ್ಳೆಯದೋ, ವೀಪ್ ಒಳ್ಳೆಯದೋ?

ತಿಂಗಳವಾರು ಮಳೆಯ ಲೆಕ್ಕ, ಒಂದೇ ಕಡೆ ಅಳೆದ ಕೆಲವು ವರ್ಷಗಳ ಹೊಳೆಯ ಹರಿವು, ನೂರಾರು ಸಣ್ಣ ಕೆರೆಗಳಿರುವ ನಕ್ಷೆ ಇವೆ, ಯಾವುದರಲ್ಲಿ ಶುರು ಮಾಡಲಿ ಎಂದು ಕೇಳಿದ್ದೀರಿ. ಸ್ವಾಟ್ (SWAT), ವೀಪ್ (WEAP) ಎರಡೂ ನೀರಿನ ಲೆಕ್ಕ ಹಾಕುವ ಕಂಪ್ಯೂಟರ್ ಸಾಫ್ಟ್‌ವೇರ್‌ಗಳು. ಮಳೆ ಬಿದ್ದರೆ ಎಷ್ಟು ನೀರು ಹರಿದು ಬರುತ್ತದೆ ಎಂಬ ಲೆಕ್ಕಕ್ಕೆ ಸ್ವಾಟ್. ಬಂದ ನೀರು ಯಾರಿಗೆ ಮೊದಲು, ಎಷ್ಟು ಎಂಬುದಕ್ಕೆ ವೀಪ್ (ಮಳೆ-ಹರಿವಿನ ಸರಳ ಲೆಕ್ಕ ಅದರಲ್ಲೂ ಇದೆ). ಆದರೆ ನಾನಾಗಿದ್ದರೆ ಈ ಆಯ್ಕೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಒಣ ಸೀಮೆಯಲ್ಲಿ ಮಾಡೆಲ್ ಕೆಡುವುದು ಸಾಫ್ಟ್‌ವೇರ್‌ನಿಂದಲ್ಲ, ನೀರು ಇಂಗಿ, ಆವಿಯಾಗಿ ಹೋಗುವ ನಷ್ಟಗಳನ್ನು ಸಣ್ಣವೆಂದು ಬದಿಗಿಡುವುದರಿಂದ.

ಮೊದಲು ಮಳೆ. ತಿಂಗಳ ಮೊತ್ತ ಇಟ್ಟುಕೊಂಡು ಹರಿವು ಲೆಕ್ಕ ಹಾಕಲು ಹೋಗಬೇಡಿ. ಕರ್ವ್ ನಂಬರ್ ವಿಧಾನವನ್ನೇ ತೆಗೆದುಕೊಳ್ಳಿ; ಮಣ್ಣು, ಭೂಬಳಕೆ ನೋಡಿ ನೆಲಕ್ಕೆ ಒಂದು ನಂಬರ್ ಕೊಟ್ಟು, ಮಳೆಯಲ್ಲಿ ಎಷ್ಟು ಹರಿಯುತ್ತದೆ ಎಂದು ಲೆಕ್ಕ ಹಾಕುವ ವಿಧಾನ ಅದು. ನಂಬರ್ 80 ಎಂದಿಟ್ಟುಕೊಂಡರೆ, ಮೊದಲ 12.7 ಮಿ.ಮೀ. ಮಳೆಯಿಂದ ಹರಿವೇ ಹುಟ್ಟುವುದಿಲ್ಲ. ಒಂದೇ ದಿನ 60 ಮಿ.ಮೀ. ಸುರಿದರೆ ಸುಮಾರು 20 ಮಿ.ಮೀ. ಹರಿಯುತ್ತದೆ. ಅದೇ 60 ಮಿ.ಮೀ. ದಿನಕ್ಕೆ 2ರಂತೆ ತಿಂಗಳಿಡೀ ಬಿದ್ದರೆ ಹರಿವು ಸೊನ್ನೆ. ನಿಮ್ಮ ಕೋಷ್ಟಕದಲ್ಲಿ ಎರಡೂ ಒಂದೇ ತಿಂಗಳು! ದಿನವಾರು ಮಳೆ ಹೇಗಾದರೂ ಸಂಪಾದಿಸಿ. ಮಳೆಮಾಪಕ ದೂರವಿದ್ದರೆ ಚಿರ್ಪ್ಸ್‌ನಂತಹ ಉಪಗ್ರಹ ಆಧಾರಿತ ದತ್ತಾಂಶ 1981ರಿಂದ ಸಿಗುತ್ತದೆ. ಒಂದೇ ಕಡೆ ಸುರಿಯುವ ಜೋರು ಮಳೆಯನ್ನು ಅದು ಹರಡಿ ತೆಳುವಾಗಿಸುವುದುಂಟು, ಹಾಗಾಗಿ ಇರುವ ಮಾಪಕದೊಂದಿಗೆ ಹೋಲಿಸದೆ ಬಳಸಬೇಡಿ.

ಎರಡನೆಯದು ಹಳ್ಳದ ತಳ, ಹೆಚ್ಚು ಜನ ಕೈಬಿಡುವ ವಿಷಯ ಇದೇ. ಮಳೆ ಹೆಚ್ಚಿರುವ ಕಡೆ ಕೆಳಗೆ ಹೋದಷ್ಟೂ ನದಿ ದೊಡ್ಡದಾಗುತ್ತದೆ. ಒಣ ಸೀಮೆಯ ಮರಳು ಹಳ್ಳಗಳಲ್ಲಿ ಎಷ್ಟೋ ಸಲ ಇದು ತಲೆಕೆಳಗು. ಅಮೆರಿಕದ ಅರಿಜೋನಾದಲ್ಲಿ ವಾಲ್ನಟ್ ಗಲ್ಚ್ ಎಂಬ ಸುಮಾರು 150 ಚದರ ಕಿ.ಮೀ. ಪ್ರಾಯೋಗಿಕ ಜಲಾನಯನದಲ್ಲಿ 1950ರ ದಶಕದಿಂದ ಇದನ್ನು ಅಳೆಯುತ್ತಾ ಬಂದಿದ್ದಾರೆ. ಮೇಲೆ ಹುಟ್ಟಿದ ಪ್ರವಾಹ ಕೆಳಗಿಳಿಯುತ್ತಾ ಕರಗುತ್ತದೆ, ಸಣ್ಣದಾದರೆ ಹಳ್ಳದ ಕೊನೆಯವರೆಗೆ ತಲುಪುವುದೇ ಇಲ್ಲ. ಸ್ವಾಟ್‌ನಲ್ಲಿ ಹಳ್ಳದ ತಳದ ಇಂಗುವಿಕೆಗೆ ಒಂದು ಅಂಕಿ ಇದೆ. ಅದನ್ನು ಸೊನ್ನೆಯಲ್ಲೇ ಬಿಟ್ಟರೆ, ಕ್ಯಾಲಿಬ್ರೇಷನ್ (ಅಳೆದ ಹರಿವಿಗೆ ಹೊಂದುವಂತೆ ಮಾಡೆಲ್‌ನ ಅಂಕಿಗಳನ್ನು ತಿದ್ದುವುದು) ಮಾಡುವಾಗ ಆ ತಪ್ಪನ್ನು ಮಣ್ಣು, ಬೆಳೆಗಳ ಅಂಕಿಗಳು ಹೊರುತ್ತವೆ. ಫಲಿತಾಂಶ ಸರಿಯಾಗಿ ಕಂಡರೂ ಒಂದು ಚೆಕ್ ಡ್ಯಾಂ ಸೇರಿಸಿ ಓಡಿಸಿದ ಕೂಡಲೇ ಉತ್ತರ ದಾರಿ ತಪ್ಪುತ್ತದೆ.

ಕೆರೆಗಳಿಗೆ ಬರೋಣ. ದಿನಕ್ಕೆ 6 ಮಿ.ಮೀ. ಆವಿಯಾದರೂ ಎಂಟು ತಿಂಗಳಲ್ಲಿ ಸುಮಾರು 1.4 ಮೀಟರ್. ಸರಾಸರಿ ಎರಡು ಮೀಟರ್ ಆಳದ ಕೆರೆಗೆ ಇದು ಬದಿಯ ಖರ್ಚಲ್ಲ, ಮುಖ್ಯ ಖರ್ಚು. ನೂರಾರು ಕೆರೆಗಳನ್ನು ಒಂದೊಂದಾಗಿ ಹಾಕಲಾಗದೆ ಎಲ್ಲವನ್ನೂ ಒಂದೇ ದೊಡ್ಡ ಕೆರೆಯಾಗಿ ಕೂಡಿಸುವುದು ರೂಢಿ. ಹಾಗೆ ಮಾಡಿದರೆ ಆ ದೊಡ್ಡ ಕೆರೆ ಪೂರ್ತಿ ತುಂಬುವವರೆಗೆ ಕೆಳಗೆ ಹನಿಯೂ ಹೋಗುವುದಿಲ್ಲ. ವಾಸ್ತವದಲ್ಲಿ ದೊಡ್ಡ ಜಲಾನಯನದ ಪುಟ್ಟ ಕೆರೆ ಮೊದಲ ಮಳೆಗೇ ಕೋಡಿ ಬೀಳುತ್ತದೆ, ಪಕ್ಕದ್ದು ಅರ್ಧವೂ ತುಂಬಿರುವುದಿಲ್ಲ. ಕೆರೆಯ ಗಾತ್ರವನ್ನೂ ಅದಕ್ಕೆ ನೀರು ಬರುವ ಪ್ರದೇಶವನ್ನೂ ನೋಡಿ ನಾಲ್ಕೈದು ಗುಂಪು ಮಾಡಿದರೆ ಈ ದೋಷ ಬಹಳಷ್ಟು ಕಡಿಮೆಯಾಗುತ್ತದೆ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು 10 ಮೀಟರ್ ವಿವರದಲ್ಲಿ ಉಚಿತವಾಗಿ ಸಿಗುತ್ತವೆ, ಕೆರೆಯ ನೀರಿನ ಹರವು ಹೇಗೆ ಹಿಗ್ಗಿ ಕುಗ್ಗಿತು ಎಂದು ಅವುಗಳಿಂದ ಅಳೆಯಬಹುದು. ಹೊಳೆಯ ಮಾಪನ ಒಂದೇ ಕಡೆ ಇರುವ ನಿಮಗೆ ಮಾಡೆಲ್ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಮಾಡೆಲ್‌ನ ಹರಿವು ಅಳೆದ ಹರಿವಿಗೆ ಎಷ್ಟು ಹೊಂದಿತು ಎಂದು ಹೇಳುವ ನ್ಯಾಶ್-ಸಟ್‌ಕ್ಲಿಫ್ ಅಂಕ (ಪೂರ್ತಿ ಹೊಂದಿದರೆ 1) 0.7 ಬಂತು ಎಂದು ನಿಲ್ಲಿಸಬೇಡಿ. ಅದು ಎರಡರ ನಡುವಿನ ವ್ಯತ್ಯಾಸಗಳ ವರ್ಗವನ್ನು (ಅದರಿಂದಲೇ ಗುಣಿಸಿದ ಸಂಖ್ಯೆಯನ್ನು) ಕೂಡಿಸುವುದರಿಂದ ಎರಡು-ಮೂರು ದೊಡ್ಡ ಪ್ರವಾಹ ಹೊಂದಿದರೆ ಸಾಕು, ಅಂಕ ಏರುತ್ತದೆ. ಹೊಳೆ ಒಣಗಿದ ದಿನಗಳು ವರ್ಷಕ್ಕೆ ಎಷ್ಟು, ಹರಿವು ಯಾವ ವಾರ ಶುರುವಾಯಿತು ಎಂಬುದೂ ಹೊಂದಬೇಕು.

ಹಂಚಿಕೆಯ ಭಾಗದಲ್ಲಿ ಸರಾಸರಿ ವರ್ಷವನ್ನು ನಂಬಬೇಡಿ. ಅಮೆರಿಕದ ಕೊಲರಾಡೊ ನದಿಯ 1922ರ ಒಪ್ಪಂದ ಮೇಲಿನ, ಕೆಳಗಿನ ಭಾಗಗಳಿಗೆ ತಲಾ 75 ಲಕ್ಷ ಎಕರೆ-ಅಡಿ, ಅಂದರೆ ಸುಮಾರು 327 ಟಿಎಂಸಿ, ನೀರು ಹಂಚಿತು. ಅದಕ್ಕೆ ಆಧಾರವಾದ ವರ್ಷಗಳು ಅಸಾಮಾನ್ಯವಾಗಿ ತೇವದವು ಎಂದು ಮರದ ಉಂಗುರಗಳ ಅಧ್ಯಯನ ಆಮೇಲೆ ತೋರಿಸಿತು. ಆ ಕೊರತೆಯ ಜಗಳ ಇಂದಿಗೂ ಮುಗಿದಿಲ್ಲ. ನಿಮ್ಮ ಕೆಲವೇ ವರ್ಷಗಳ ಹರಿವಿಗೂ ಇದೇ ಅಪಾಯವಿದೆ. ಆದ್ದರಿಂದ ಸಿಕ್ಕಷ್ಟು ಹಿಂದಿನ ಮಳೆಯಿಂದ ಮೂವತ್ತು-ನಲವತ್ತು ವರ್ಷಗಳ ಹರಿವನ್ನು ಕಟ್ಟಿಕೊಳ್ಳಿ. ಬೇಡಿಕೆ ಪೂರೈಸಲಾಗದ ವರ್ಷಗಳು ಎಷ್ಟು, ಅವುಗಳಲ್ಲಿ ಬೆನ್ನಿಗೆ ಬೆನ್ನು ಬಂದವು ಎಷ್ಟು ಎಂದು ಎಣಿಸಿ. ಎರಡು ಬರ ಒಟ್ಟಿಗೆ ಬಂದಾಗ ಎರಡನೆಯ ವರ್ಷದ ಆರಂಭದಲ್ಲಿ ಕೆರೆಗಳಲ್ಲಿ ಏನೂ ಉಳಿದಿರುವುದಿಲ್ಲ. ಒಂದೊಂದೇ ವರ್ಷವನ್ನು ಬಿಡಿಯಾಗಿ ಓಡಿಸಿದರೆ ಇದು ಕಾಣುವುದಿಲ್ಲ.

ಇಷ್ಟನ್ನೂ ಮೊದಲು ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಉಪ-ಜಲಾನಯನಕ್ಕೆ ಮಾಡಿ ನೋಡಿ. ಬಂದ ನೀರು, ಹೋದ ನೀರು, ಉಳಿದ ನೀರು ತಾಳೆಯಾದ ಮೇಲೆ ನಿಮ್ಮ ಪ್ರಶ್ನೆ ಹಂಚಿಕೆಯದ್ದಾದರೆ ವೀಪ್, ಭೂಬಳಕೆ ಬದಲಾವಣೆಯದ್ದಾದರೆ ಸ್ವಾಟ್ ತೆಗೆದುಕೊಳ್ಳಿ.