ನಾಳೆ ಬಾಗಿಲು ಕೂರಿಸಬೇಕು, ಸಾಮಾನಿನ ಚೀಲ ಕಳುವಾಗಿದೆ. ಬೆಂಗಳೂರಿನಲ್ಲಿ ಇವತ್ತೇ ಒಳ್ಳೆಯ ಉಳಿ, ಗರಗಸ ಎಲ್ಲಿ ಸಿಗುತ್ತವೆ?

ನನ್ನ ಚೀಲವೂ ಹೀಗೆಯೇ ಸೈಟಿನಿಂದ ಹೋಗಿತ್ತು. ಕೆಂಗೇರಿ ಕಡೆಯ ಮನೆ, ಗೃಹಪ್ರವೇಶಕ್ಕೆ ಮುಹೂರ್ತ ಗೊತ್ತಾಗಿತ್ತು, ಹೆಬ್ಬಾಗಿಲು ಇನ್ನೂ ಗೋಡೆಗೆ ಒರಗಿಕೊಂಡಿತ್ತು. ನೀವು ಕೇಳಿದ ಪ್ರಶ್ನೆಯನ್ನೇ ನಾನೂ ಕಂಡಕಂಡವರಿಗೆ ಕೇಳಿದೆ. ಎಲ್ಲರೂ ಒಂದೇ ಮಾತು ಹೇಳಿದರು: ಎಸ್.ಜೆ.ಪಿ. ರಸ್ತೆಗೆ ಹೋಗು. ಹೋದೆ. ಟೌನ್‌ಹಾಲ್ ಹತ್ತಿರ ಬಸ್ ಇಳಿಯುವ ಹೊತ್ತಿಗೆ ಸಂಜೆಯಾಗಿತ್ತು, ಕೆಲವರು ಷಟರ್ ಎಳೆಯುವ ತಯಾರಿಯಲ್ಲಿದ್ದರು. ಒಂದು ಅಂಗಡಿಯಲ್ಲಿ ಮರದ ಹಿಡಿಯ ನಾಲ್ಕು ಉಳಿಗಳ ಸೆಟ್ ಇತ್ತು: 6, 12, 18, 25 ಮಿ.ಮೀ. ಫಳಫಳ ಹೊಳೆಯುತ್ತಿತ್ತು, ಪೆಟ್ಟಿಗೆಯ ಮೇಲೆ ಕ್ರೋಮ್ ವನೇಡಿಯಂ ಎಂದು ಬರೆದಿತ್ತು. ಚೌಕಾಸಿ ಕೂಡ ಮಾಡದೆ ತಂದೆ.

ಮರುದಿನ ಬೆಳಗ್ಗೆ ತೇಗದ ಬಾಗಿಲಿನ ಅಂಚಿಗೆ ಹಿಂಜ್ ಗುರುತು ಹಾಕಿ ಉಳಿ ಇಟ್ಟರೆ ಅದು ಮರವನ್ನು ಕತ್ತರಿಸುತ್ತಿಲ್ಲ, ಜಜ್ಜುತ್ತಿದೆ. ಹೊಸ ಉಳಿ ಕಾರ್ಖಾನೆಯಿಂದ ಹೀಗೆಯೇ ಬರುತ್ತದೆ. ಬಾಯಿಗೆ ಓರೆ ಕೊಟ್ಟಿರುತ್ತಾರೆ, ಹರಿತ ಕೊಟ್ಟಿರುವುದಿಲ್ಲ. ತುಕ್ಕು ಹಿಡಿಯದಿರಲಿ ಎಂದು ಮೇಲೊಂದು ವಾರ್ನಿಷ್ ಬಳಿದಿರುತ್ತಾರೆ. ಇಷ್ಟು ನನಗೆ ಗೊತ್ತಿತ್ತು. ಆದರೆ ನನ್ನ ಸಾಣೆಕಲ್ಲು ಕಳುವಾದ ಚೀಲದಲ್ಲೇ ಇತ್ತು, ಹೊಸದನ್ನು ಕೊಳ್ಳುವುದು ಹೊಳೆದಿರಲಿಲ್ಲ. ಪಕ್ಕದ ಬೀದಿಯಲ್ಲಿ ಗ್ರಿಲ್ ಕೆಲಸದವರ ಗ್ರೈಂಡರ್ ತಿರುಗುತ್ತಿತ್ತು. ಅಲ್ಲಿಗೆ ಓಡಿದೆ.

ಕೆಟ್ಟಿದ್ದು ಅಲ್ಲಿ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಏಕೆಂದರೆ ನಾಳೆ ಬೆಳಗ್ಗೆ ನೀವೂ ಅದನ್ನೇ ಮಾಡುತ್ತೀರಿ ಎಂದು ನನಗೆ ಅನುಮಾನವಿದೆ. ಉಳಿಯ ಉಕ್ಕನ್ನು ಕೆಂಪಗೆ ಕಾಯಿಸಿ, ತಣ್ಣಗೆ ಅದ್ದಿ, ಆಮೇಲೆ ಮತ್ತೆ ಸಣ್ಣ ಶಾಖದಲ್ಲಿ ಹದ ಮಾಡಿರುತ್ತಾರೆ. ಗಡಸುತನ ಬರುವುದು ಅದ್ದುವುದರಿಂದ, ಚಕ್ಕೆಯೇಳದೆ ತಾಳುವುದು ಆ ಹದದಿಂದ. ಗ್ರೈಂಡರ್‌ನಲ್ಲಿ ಹಿಡಿದಾಗ ಬಾಯಿಯ ತುದಿ ತೀರಾ ತೆಳ್ಳಗಿರುವುದರಿಂದ ಶಾಖಕ್ಕೆ ಹೋಗಲು ಜಾಗವಿಲ್ಲ, ಕ್ಷಣದಲ್ಲಿ ಕಾಯುತ್ತದೆ. ಸುಮಾರು 230 ಡಿಗ್ರಿ ಸೆಲ್ಸಿಯಸ್‌ಗೆ ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, 300ರ ಆಸುಪಾಸಿನಲ್ಲಿ ನೀಲಿ. ನೀಲಿ ಕಂಡಿತೆಂದರೆ ಅಷ್ಟು ಭಾಗದ ಹದ ಹೋಯಿತು, ಉಕ್ಕು ಮೆತ್ತಗಾಯಿತು. ನನ್ನ 25ರ ಉಳಿ ತುದಿಯುದ್ದಕ್ಕೂ ನವಿಲಿನ ಕತ್ತಿನಂತೆ ನೀಲಿಯಾಯಿತು. ಗ್ರಿಲ್ ಕೆಲಸದವನು ‘ಏನೂ ಆಗುವುದಿಲ್ಲ ಸಾರ್, ನಮ್ಮ ಡ್ರಿಲ್ ಬಿಟ್ ದಿನಾ ನೀಲಿಯಾಗುತ್ತದೆ’ ಎಂದ. ಅವನು ಹೇಳಿದ್ದು ಸುಳ್ಳಲ್ಲ. ಅವನ ಬಿಟ್‌ಗಳು ಹೈಸ್ಪೀಡ್ ಸ್ಟೀಲಿನವು, 600 ಡಿಗ್ರಿಯ ಹತ್ತಿರ ಹೋದರೂ ಗಡಸುತನ ಉಳಿಸಿಕೊಳ್ಳುತ್ತವೆ. ಉಳಿಯ ಉಕ್ಕಿಗೆ ಆ ಶಕ್ತಿಯಿಲ್ಲ. ಕೈಯಲ್ಲಿ ನೀರಿನ ಡಬ್ಬಿ ಇಟ್ಟುಕೊಂಡು, ಮುಟ್ಟಿಸಿ ಅದ್ದಿ, ಮುಟ್ಟಿಸಿ ಅದ್ದಿ ಮಾಡಿದ್ದರೆ ಸಾಕಾಗಿತ್ತು.

ಸೈಟಿಗೆ ಬಂದು ಹಿಂಜ್ ಹೇಗೋ ಮುಗಿಸಿದೆ. ಬಾಗಿಲಿನ ಅಂಚಿನೊಳಗೆ ಹುದುಗಿಸುವ ಬೀಗದ, ಅಂದರೆ ಮಾರ್ಟಿಸ್ ಲಾಕಿನ, ಗುಳಿ ತೋಡುವಾಗ ಉಳಿಯ ಬಾಯಿ ಮಡಚಿಕೊಳ್ಳತೊಡಗಿತು. ತೇಗದಲ್ಲಿ ಮರಳಿನಂಥ ಸಿಲಿಕಾ ಇರುತ್ತದೆ, ಒಳ್ಳೆಯ ಹರಿತವನ್ನೇ ಬೇಗ ತಿನ್ನುತ್ತದೆ, ಹದಗೆಟ್ಟ ಉಕ್ಕು ಅದಕ್ಕೆ ಯಾವ ಲೆಕ್ಕ? ಮತ್ತೆ ಗ್ರೈಂಡರ್, ಮತ್ತೆ ನೀಲಿ. ಕತ್ತರಿಸದ ಉಳಿಯಿಂದ ಕೆಲಸ ತೆಗೆಯಲು ನಾನು ಅದನ್ನು ಮೀಟುಗೋಲು ಮಾಡಿಕೊಂಡೆ. ಗುಳಿಯ ಎರಡೂ ಬದಿಗೆ ಉಳಿದಿದ್ದ ಮರ ಹತ್ತು ಮಿ.ಮೀ. ಆಸುಪಾಸು. ಮೀಟಿದೆ, ಹೊರಮೈ ನಾರಿನುದ್ದಕ್ಕೂ ಬಿರಿಯಿತು. ಅಂಟು ಹಾಕಿ, ತೇಗದ ಪಟ್ಟಿ ಕೂರಿಸಿ ಮುಚ್ಚಿದೆ. ಮನೆಯವರು ಜೋರು ಮಾಡಲಿಲ್ಲ, ಲೆಕ್ಕ ಚುಕ್ತಾ ಮಾಡುವಾಗ ಮುರಿದುಕೊಂಡರು.

ಬಹಳ ಕಾಲ ಆ ಅಂಗಡಿಯವನನ್ನು ಬೈದುಕೊಂಡು ಓಡಾಡಿದೆ, ಡೂಪ್ಲಿಕೇಟ್ ಮಾಲು ಕೊಟ್ಟ ಎಂದು. ಆಮೇಲೊಮ್ಮೆ ಬಿಡುವಾದಾಗ ನೀಲಿ ಭಾಗವೆಲ್ಲ ಹೋಗುವವರೆಗೆ ಕಲ್ಲಿನ ಮೇಲೆ ನಿಧಾನವಾಗಿ ಉಜ್ಜಿ ನೋಡಿದರೆ ಅದೇ ಉಳಿ ಸೊಗಸಾಗಿ ಕತ್ತರಿಸಿತು. ಮಾಲು ಸರಿಯಾಗಿಯೇ ಇತ್ತು. ಅದನ್ನು ಈಗಲೂ ಬಳಸುತ್ತೇನೆ.

ಹಾಗಾಗಿ ‘ಒಳ್ಳೆಯ ಗುಣಮಟ್ಟದ ಉಳಿ ಎಲ್ಲಿ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಾಳೆ ಬೆಳಗ್ಗೆಗೆ ನಿಮಗೆ ಬೇಕಿರುವುದು ಹರಿತವಾದ ಉಳಿ, ಅದನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಇಡೀ ಸೆಟ್ ಕೊಳ್ಳಬೇಡಿ. 12 ಮತ್ತು 25ರ ಎರಡೇ ಉಳಿ ಕೊಳ್ಳಿ, ಉಳಿದ ಹಣಕ್ಕೆ ಒಂದು ಬದಿ ಒರಟು, ಒಂದು ಬದಿ ನಯವಿರುವ ಎಣ್ಣೆ ಸಾಣೆಕಲ್ಲು ತನ್ನಿ; ಕಾರ್ಬೊರಂಡಮ್ ಯೂನಿವರ್ಸಲ್ ಕಂಪನಿಯದು ಸಿಕ್ಕರೆ ಚೆನ್ನ. ಇವತ್ತು ರಾತ್ರಿ ಕೂತು ಮೊದಲು ಉಳಿಯ ಬೆನ್ನನ್ನು, ಅಂದರೆ ಓರೆಯಿಲ್ಲದ ಚಪ್ಪಟೆ ಬದಿಯನ್ನು, ತುದಿಯಿಂದ ಒಂದಂಗುಲದಷ್ಟು ಮಟ್ಟಸ ಮಾಡಿ, ಆಮೇಲೆ ಓರೆಯನ್ನು ಉಜ್ಜಿ. ಬೆನ್ನು ಮಟ್ಟಸವಿಲ್ಲದೆ ಓರೆಯನ್ನು ಎಷ್ಟು ಉಜ್ಜಿದರೂ ವ್ಯರ್ಥ. ಅಂಗಡಿಯಲ್ಲೇ ಪರೀಕ್ಷೆ ಮಾಡಬೇಕೆಂದಿದ್ದರೆ ಒಂದು ಸಣ್ಣ ಅರ ಕೇಳಿ ಪಡೆದು ಉಳಿಯ ತುದಿಯ ಪಕ್ಕಕ್ಕೆ ಎಳೆದು ನೋಡಿ. ಅರ ಜಾರಿದರೆ ಉಕ್ಕು ಗಡಸು, ಸಲೀಸಾಗಿ ಕಚ್ಚಿದರೆ ಪಕ್ಕಕ್ಕಿಡಿ. ಅಂಗಡಿಯವರು ಮುಖ ಗಂಟಿಕ್ಕುತ್ತಾರೆ, ಗಂಟಿಕ್ಕಲಿ.

ಗರಗಸದ ಕಥೆ ಬೇರೆ. ಹಲ್ಲಿನ ತುದಿ ಕಪ್ಪಗಿರುವ, ಅಂದರೆ ಹಲ್ಲನ್ನಷ್ಟೇ ಗಡಸು ಮಾಡಿದ ಗರಗಸ ಕೊಳ್ಳಿ; ಅದು ಕವರಿನಿಂದ ತೆಗೆದ ಕೂಡಲೇ ಕತ್ತರಿಸುತ್ತದೆ. ಮೊಂಡಾದ ಮೇಲೆ ಮುಮ್ಮೂಲೆ ಅರಕ್ಕೆ ಬಗ್ಗುವುದಿಲ್ಲ, ಎಸೆಯಬೇಕು. ಹಳೆಯ ಕೈಗಳಿಗೆ ಇದು ಹಿಡಿಸುವುದಿಲ್ಲ, ನನಗೂ ಹಿಡಿಸುವುದಿಲ್ಲ, ಆದರೆ ನಾಳೆಗೆ ಅದೇ ಸರಿ. ಮೂಲೆಮಟ್ಟ ಕೊಳ್ಳುವಾಗ ಪ್ಲೈವುಡ್ ತುಂಡಿನ ನೇರ ಅಂಚಿಗೆ ಇಟ್ಟು ಗೆರೆ ಎಳೆದು, ಮಗುಚಿ ಅದೇ ಜಾಗದಲ್ಲಿ ಮತ್ತೆ ಎಳೆಯಿರಿ. ಎರಡು ಗೆರೆ ಕೂಡದಿದ್ದರೆ ಬೇರೆಯದು ಕೇಳಿ. ಸುತ್ತಿಗೆ, ಟೇಪು, ಸ್ಕ್ರೂಡ್ರೈವರ್ ಎಲ್ಲಿಯಾದರೂ ತೆಗೆದುಕೊಳ್ಳಿ. ಮರ ಹೆರೆಯುವ ತೋಪಡ ಮಾತ್ರ ಕೊಳ್ಳಲೇಬೇಡಿ, ಹೊಸ ತೋಪಡವನ್ನು ಹದಕ್ಕೆ ತರಲು ಒಂದು ರಾತ್ರಿ ಸಾಲದು. ಗೊತ್ತಿರುವ ಆಚಾರಿಯೊಬ್ಬರನ್ನು ಕೇಳಿ ತನ್ನಿ. ಅವರು ಉಳಿಯನ್ನೂ ಕೊಟ್ಟರೆ ಮೇಲಿನದೆಲ್ಲ ಮರೆತು ಅದನ್ನೇ ಇಸಿದುಕೊಳ್ಳಿ.

ಇನ್ನು ಜಾಗ. ಎಸ್.ಜೆ.ಪಿ. ರಸ್ತೆಗೆ ಕೃಷ್ಣರಾಜೇಂದ್ರ ಮಾರುಕಟ್ಟೆ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಬೆಳಗ್ಗೆ ಬೇಗ ಹೋದರೆ ಷಟರ್‌ಗಳನ್ನು ನೋಡಿಕೊಂಡು ನಿಲ್ಲಬೇಕು, ಆದ್ದರಿಂದ ಇವತ್ತೇ ಹೋಗಿ. ಭಾನುವಾರ ಅಂಗಡಿಗಳಲ್ಲಿ ಹೆಚ್ಚಿನವು ಮುಚ್ಚಿರುತ್ತವೆ, ಬದಲಿಗೆ ಬೆಳಕು ಹರಿಯುವ ಮೊದಲೇ ಬೀದಿಯಲ್ಲಿ ಸಂಡೆ ಬಜಾರ್ ಹರಡಿರುತ್ತದೆ. ಅಲ್ಲಿ ಹಳೆಯ ಉಳಿಗಳು ಸಿಗುತ್ತವೆ, ಕೆಲವು ಬಲು ಒಳ್ಳೆಯವು. ಬೆನ್ನಿನ ಮೇಲೆ ತುಕ್ಕು ತಿಂದ ಗುಳಿಗಳಿದ್ದರೆ ಬಿಟ್ಟುಬಿಡಿ. ಅಲ್ಲಿ ಮಾರುವುದೆಲ್ಲ ಯಾರ ಚೀಲದ್ದು ಎಂದು ಮಾತ್ರ ಕೇಳಬೇಡಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಸುತ್ತ ಮರಗೆಲಸದವರು ದಿನವೂ ಹೋಗುವ ಅಂಗಡಿಗಳಿವೆ, ನಿಮಗೆ ಹತ್ತಿರವಾದರೆ ನಾನು ಅದನ್ನೇ ಮೊದಲು ಹೇಳುತ್ತೇನೆ.

ಹೊಸ ಉಳಿಯಿಂದ ಬೀಗದ ಗುಳಿಯನ್ನು ಪೂರ್ತಿ ತೋಡಲು ಹೋಗಬೇಡಿ. ಬೀಗದ ದಪ್ಪಕ್ಕೆ ತಕ್ಕ ಬಿಟ್ ಹಾಕಿ, ಆಳಕ್ಕೆ ಗುರುತಾಗಿ ಬಿಟ್ಟಿಗೆ ಟೇಪು ಸುತ್ತಿ, ಡ್ರಿಲ್‌ನಿಂದ ಒತ್ತೊತ್ತಾಗಿ ರಂಧ್ರ ಹಾಕಿಕೊಳ್ಳಿ. ನಡುವೆ ಉಳಿದ ಮರವನ್ನು ಮಾತ್ರ ಉಳಿಯಿಂದ ಸವರಿ.