ಬಟ್ಟೆ ಒಣಗಿಸುವ ಡ್ರೈಯರ್ ತಿರುಗುತ್ತದೆ, ಆದರೆ ಬಿಸಿಯಾಗುವುದಿಲ್ಲ. ಏನು ನೋಡಬೇಕು?

ಅಮೆರಿಕದ ಮನೆಗಳ ಎಲೆಕ್ಟ್ರಿಕ್ ಡ್ರೈಯರ್ ಅಲ್ವಾ? ಸೆಟ್ಟಿಂಗ್ ಬರೀ ತಣ್ಣನೆ ಗಾಳಿಯದ್ದಲ್ಲ ಅಂತ ಖಚಿತವಾದರೆ, ಬ್ರೇಕರ್ ನೋಡಿ. ಅಲ್ಲಿ ಡ್ರೈಯರ್‌ಗೆ ಎರಡು ಲೈನ್ ಸೇರಿ 240 ವೋಲ್ಟ್ ಬರುತ್ತದೆ. ಹೀಟರ್‌ಗೆ ಎರಡೂ ಬೇಕು. ಮೋಟರ್‌ಗೆ ಸಾಮಾನ್ಯವಾಗಿ 120 ವೋಲ್ಟ್, ಅಂದರೆ ಒಂದೇ ಲೈನ್ ಸಾಕು. ಹಾಗಾಗಿ ಇನ್ನೊಂದು ಲೈನ್ ಹೋದರೂ ಡ್ರಮ್ ತಿರುಗುತ್ತಲೇ ಇರುತ್ತದೆ, ಕರೆಂಟ್ ಸರಿ ಇದೆ ಅಂತ ನಾವು ಅಂದುಕೊಳ್ಳುತ್ತೇವೆ. ಬ್ರೇಕರನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಪದೇ ಪದೇ ಬಿದ್ದರೆ ಸುಮ್ನೆ ಎಳೆದಾಡಬೇಡಿ, ಎಲೆಕ್ಟ್ರಿಷಿಯನ್‌ನ ಕರೆಸಿ.

ಬ್ರೇಕರ್ ಸರಿ ಇದ್ದರೆ ಥರ್ಮಲ್ ಫ್ಯೂಸ್ (ಬಿಸಿ ಮಿತಿಮೀರಿದರೆ ಸುಟ್ಟು ಕರೆಂಟ್ ಕಡಿಯುವ ಸಣ್ಣ ಭಾಗ) ಮೇಲೆ ನನ್ನ ಅನುಮಾನ. ಪ್ಲಗ್ ಕಿತ್ತು, ಅದರ ಒಂದು ವೈರ್ ಬಿಚ್ಚಿ, ಮಲ್ಟಿಮೀಟರ್‌ನಲ್ಲಿ ಓಮ್ಸ್ (ವಿದ್ಯುತ್ ತಡೆ) ನೋಡಿ. ಸೊನ್ನೆಯ ಹತ್ತಿರ ತೋರಿಸಿದರೆ ಚೆನ್ನಾಗಿದೆ, ಯಾವ ಅಳತೆಯೂ ಸಿಗದಿದ್ದರೆ (ಹೆಚ್ಚಿನ ಮೀಟರ್‌ಗಳಲ್ಲಿ OL ಅಂತ ಬರುತ್ತದೆ) ಸುಟ್ಟಿದೆ. ಹೀಟರ್ ಕಾಯಿಲ್ ಕಡಿದಿದೆಯಾ ಅಂತಲೂ ಹೀಗೇ ಗೊತ್ತಾಗುತ್ತದೆ.

ದಯವಿಟ್ಟು ಬರೀ ಫ್ಯೂಸ್ ಬದಲಾಯಿಸಿ ಬಿಡಬೇಡಿ. ಅದು ಸುಡುವುದು ಹೆಚ್ಚಾಗಿ ಗಾಳಿ ಹೋಗುವ ಪೈಪಿನಲ್ಲಿ ಬಟ್ಟೆಯ ನೂಲುಧೂಳು ಕಟ್ಟಿಕೊಂಡಾಗ. ಆ ಧೂಳಿಗೆ ಬೇಗ ಬೆಂಕಿ ಹತ್ತುತ್ತದೆ. ಗೋಡೆಯ ಆಚೆ ತುದಿಯವರೆಗೂ ಪೈಪ್ ಕ್ಲೀನ್ ಮಾಡಿ, ಆಮೇಲೆ ಹೊಸ ಫ್ಯೂಸ್ ಹಾಕಿ.